ವೈನಿ ರಂಗು

ದಸರೆ ಹತ್ತಿರ ಬಂದರೂ ಈ ಸಲ ನಮ್ಮ ಓಣಿಯಲ್ಲಿ ಯಾರ ಮನೆಗೂ ಬಣ್ಣ ಬಿದ್ದಿಲ್ಲ. ಹಾಸಿಗೆ ತೊಳೆದದ್ದಾಯಿತು, ಜೇಡರ ಬಲೆ ತೆಗೆದದ್ದಾಯಿತು, ಅಟ್ಟದ ಮೇಲಿನ ತಾಮ್ರದ ಕೊಡ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೂ ಆಯಿತು. ಗೋಡೆಯ ಹತ್ತಿರ ಬಂದ ಕೂಡಲೇ ಎಲ್ಲರೂ ಕೈ ಕಟ್ಟಿ ನಿಲ್ಲುತ್ತಾರೆ. ಯಾವ ಖೋಲಿಗೆ ಯಾವ ಬಣ್ಣ ಎಂದು ಹೇಳುತ್ತಿದ್ದವರು ಶ್ರಾವಣದಲ್ಲಿ ತೀರಿಕೊಂಡರು. ಬಸವಕಲ್ಯಾಣದಂಥ ಊರಿನಲ್ಲಿ ಒಬ್ಬ ಹೆಂಗಸು ಹೋದದ್ದಕ್ಕೆ ಒಂದು ಓಣಿಯ ಗೋಡೆಗಳೆಲ್ಲ ಕಾಯುತ್ತ ನಿಂತಿವೆ ಎಂದರೆ, ಅವರು ಬದುಕಿದ್ದಾಗ ಅವರ ಎದುರು ಮನೆಯಲ್ಲಿ ಬಾಳಿದ ನನ್ನ ಪಾಡು ಏನಿತ್ತೆಂದು ನೀವೇ ಊಹಿಸಿಕೊಳ್ಳಿ.

ಅವರಿಗೊಂದು ಹೆಸರಿತ್ತು. ಆದರೆ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವರು ವೈನಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಅವರಿಗಿಂತ ಹಿರಿಯರೂ, ತರಕಾರಿ ಗಾಡಿಯವನೂ, ಗ್ಯಾಸ್ ಸಿಲಿಂಡರ್ ತರುವವನೂ ವೈನಿ ಎಂದೇ ಕರೆಯುತ್ತಿದ್ದರು. ಹುಮನಾಬಾದ್ ಅವರ ತವರು. ಗಂಡನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಒಬ್ಬ ಮಗ, ಒಬ್ಬ ಸೊಸೆ, ಎಲ್ಲರೂ ಒಂದೇ ಮನೆಯಲ್ಲಿ. ಇದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇಲ್ಲ. ನನಗೆ ಹೊಟ್ಟೆಕಿಚ್ಚು ಬಂದದ್ದು ಬಣ್ಣ ಬಲ್ಲ ಅವರ ಕಣ್ಣು ಕಂಡು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಬರೆಯುತ್ತೇನೆ. ಆದರೆ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಅವರನ್ನು ನೆನೆಯುವುದು ನನಗೆ ಬರುವುದಿಲ್ಲ.

ವೈನಿಯನ್ನು ನೋಡಿದರೆ ಬಣ್ಣ ಬಲ್ಲವರೆಂದು ಯಾರೂ ಹೇಳಲಾರರು. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಸೊಂಟದಲ್ಲಿ ಕೀಲಿಗೊಂಚಲು. ಉಡುತ್ತಿದ್ದದ್ದು ಯಾವ ಬಣ್ಣವೆಂದು ಹೇಳಲು ಬಾರದ ಮಾಸಲು ಸೀರೆಗಳು. ಬಾಗಿಲ ಮುಂದೆ ಅವರು ಹಾಕುತ್ತಿದ್ದ ರಂಗೋಲಿ ಯಾವಾಗಲೂ ಒಂದು ಕಡೆ ವಾಲುತ್ತಿತ್ತು. ನಾನಾದರೋ ಹುಡಗಿ ಎಂಬ ನನ್ನ ತವರೂರಿನ ಶಾಲೆಯಲ್ಲಿದ್ದಾಗಲೇ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವಳು. ಕೆಂಪಿಗೆ ಹಳದಿ ಬೆರೆತರೆ ಏನು, ನೀಲಿಗೆ ಬೆರೆತರೆ ಏನು ಎಂದು ಬಾಯಿಪಾಠ ಬರುತ್ತಿತ್ತು. ನನ್ನ ರಂಗೋಲಿಯ ಗೆರೆ ದಾರ ಹಿಡಿದು ಎಳೆದಷ್ಟು ನೇರ. ಆದರೂ ಊರ ಮಂದಿ ನನ್ನ ರಂಗೋಲಿ ದಾಟಿಕೊಂಡು ಹೋಗಿ ಅವರ ಬಾಗಿಲು ಬಡಿಯುತ್ತಿದ್ದರು. ಬಾಗಿಲು ತೆರೆಯದಿದ್ದರೆ ನನ್ನ ಕಡೆ ತಿರುಗಿ, "ವೈನಿ ಮನ್ಯಾಗ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ನಾನು ಅವರನ್ನು ಒಳಗೆ ಕರೆದು, ಕೂಡಿಸಿ, ನೀರು ಕೊಡಬೇಕು.

ಅವರು ಬಣ್ಣ ಆರಿಸುವ ರೀತಿಯೇ ಬೇರೆ. ಅಂಗಡಿಯವರು ಕೊಡುವ ಬಣ್ಣದ ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಮೊಬೈಲಿನಲ್ಲಿ ಗೋಡೆಯ ಫೋಟೋ ಕಳಿಸಿದರೆ, "ಫೋಟೋದಾಗ ಗೋಡಿ ಸುಳ್ಳ ಹೇಳತದ" ಎಂದು ತಾವೇ ಎದ್ದು ಹೋಗುತ್ತಿದ್ದರು. ಹೋದವರು ಮೊದಲು ಕೇಳುತ್ತಿದ್ದದ್ದು ಆ ಮನೆಯ ಟ್ರಂಕು.

ಟ್ರಂಕಿನ ವಿಷಯ ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಮದುವೆ, ತೊಟ್ಟಿಲು, ಹೊಸ ಮನೆಯ ವಾಸ್ತು ಎಂದು ಯಾವ ಕಾರ್ಯಕ್ಕೆ ಹೋದರೂ ಉಡಿ ತುಂಬಿ, ರವಿಕೆ ಹೊಲಿಸಲೆಂದು ಒಂದು ಜಂಪರ್ ಪೀಸು ಕೊಡುತ್ತಾರೆ. ಅದನ್ನು ಹೊಲಿಸುವವರು ಯಾರೂ ಇಲ್ಲ. ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕಿ, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುತ್ತೇವೆ. ಒಂದೊಂದು ಪೀಸು ಎಷ್ಟೋ ಮನೆ ತಿರುಗಿ ಬಂದಿರುತ್ತದೆ. ಯಾರದು ಯಾರ ಹತ್ತಿರ ಬಂತೆಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನಮಗೆಲ್ಲ ಅದೊಂದು ಬೇಡವಾದ ಗಂಟು. ವೈನಿಗೆ ಅದೇ ಬಣ್ಣದ ಕಾರ್ಡು. ಟ್ರಂಕು ತೆಗೆಸಿ, ಪೀಸುಗಳನ್ನೆಲ್ಲ ನೆಲದ ಮೇಲೆ ಹರವಿ, ಒಂದನ್ನು ಆರಿಸಿ, ಅಂಗೈಯಗಲ ಮಡಚಿ ಗೋಡೆಗೆ ಒತ್ತಿ ಹಿಡಿಯುತ್ತಿದ್ದರು. ಆಮೇಲೆ ಅದಕ್ಕೊಂದು ಟಾಚಣಿ ಪಿನ್ನು ಚುಚ್ಚಿ, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಒಂದ ಚಾ ತರ್ರಿ" ಎನ್ನುತ್ತಿದ್ದರು.

ಚಹಾ ಅವರ ಪರೀಕ್ಷೆ. ಮನೆಯವರಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಕಪ್ಪಿನಿಂದ ಬಸಿಗೆ ಸುರಿದುಕೊಂಡು ನಿಧಾನ ಕುಡಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾತಾಡಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. "ಚಾ ಮುಗಿಯೋದ್ರೊಳಗ ಬ್ಯಾಸರ ಬಂದ್ರ ಆ ರಂಗು ಬ್ಯಾಡ್ರಿ. ನೀವು ಇದರ ಮುಂದ ಎಷ್ಟೋ ವರ್ಷ ಚಾ ಕುಡೀಬೇಕು" ಎಂಬುದು ಅವರ ನಿಯಮ. ಬೇಸರ ಬಂದರೆ ನಾಲಿಗೆಯಿಂದ ಲೊಚಗುಟ್ಟಿ ಪೀಸು ಕಿತ್ತುಬಿಡುತ್ತಿದ್ದರು. ಬರದಿದ್ದರೆ ಬಸಿ ಕೆಳಗಿಟ್ಟು, "ಇದನ್ನ ಒಯ್ದು ದುಕಾನದಾಗ ತೋರಿಸರಿ, ಹಿಂಗೇ ಕಲಿಸಿ ಕೊಡ್ತಾರ" ಎನ್ನುತ್ತಿದ್ದರು. ಈಗಿನ ಅಂಗಡಿಗಳಲ್ಲಿ ಬಟ್ಟೆ ತೋರಿಸಿದರೆ ಮಷಿನ್ನು ಅದೇ ಬಣ್ಣ ಬೆರೆಸಿ ಕೊಡುತ್ತದಲ್ಲ.

ಅವರ ಮಾತುಗಳು ಓಣಿಯಲ್ಲಿ ಇನ್ನೂ ಓಡಾಡುತ್ತಿವೆ. ಅಡುಗೆಮನೆಗೆ ಅರಿಶಿಣ ಬಣ್ಣ ಕೇಳಿದವರಿಗೆ, "ಬ್ಯಾಡ್ರಿ, ಒಗ್ಗರಣಿ ಸಿಡದದ್ದು ಗೊತ್ತಾಗಂಗಿಲ್ಲ, ನೀವು ತಿಕ್ಕೋದೇ ಬಿಡ್ತೀರಿ" ಎಂದಿದ್ದರು. ಕಾಲೇಜಿಗೆ ಹೋಗುವ ಮಗಳ ಖೋಲಿಗೆ ಗುಲಾಬಿ ಹಚ್ಚಬೇಕೆಂದು ಒಬ್ಬ ತಾಯಿ ಹಟ ಹಿಡಿದಾಗ, "ಹುಡುಗಿ ಓದಾಕತ್ಯಾಳ. ಗೋಡಿಗಿ ಈಗಲೇ ಲಗ್ನ ಮಾಡಬ್ಯಾಡ್ರಿ" ಎಂದು ಪಿಸ್ತಾ ಬಣ್ಣ ಹಿಡಿದರು. ಬೇಮಳಖೇಡದಲ್ಲಿ ಎಮ್ಮೆ ಸಾಕಿ ದೊಡ್ಡ ಮನೆ ಕಟ್ಟಿಸಿದ ಮುದುಕರೊಬ್ಬರು ಇವರನ್ನು ಕಾರಿನಲ್ಲಿ ಕರೆಸಿಕೊಂಡರು. ವೈನಿ ಟ್ರಂಕು ಕೇಳಲೇ ಇಲ್ಲವಂತೆ. ಕೊಟ್ಟಿಗೆಗೆ ಹೋಗಿ ನಿಂತು, "ನಿಮ್ಮ ಎಮ್ಮಿ ಮೈರಂಗು ಭಾಳ ಛಲೋ ಅದ್ರಿ. ಅದೇ ಹಚ್ಚರಿ, ಬಾಗಿಲಿಗಷ್ಟು ಬಿಳಿ ಇರಲಿ" ಎಂದರಂತೆ. ಆ ಮುದುಕರು ಬಂದವರಿಗೆಲ್ಲ ಮೊದಲು ಗೋಡೆ ತೋರಿಸಿ, ಆಮೇಲೆ ಎಮ್ಮೆ ತೋರಿಸುತ್ತಾರೆ ಎಂದು ಸುದ್ದಿ ಬಂತು. ನಾನು ಇದನ್ನೆಲ್ಲ ನಗುತ್ತ ಕೇಳಿ, ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

"ನಡೀತದ" ಎಂಬುದು ಅವರ ಬಾಯಲ್ಲಿ ಬೇಡ ಎಂಬುದಕ್ಕೆ ಸಮ. ಒಮ್ಮೆ ಓಣಿಯ ಹೆಂಗಸೊಬ್ಬಳು ನನ್ನನ್ನು ಬಣ್ಣ ಕೇಳಿದಳು. ಅದೇ ಮೊದಲು ನನ್ನನ್ನೊಬ್ಬರು ಕೇಳಿದ್ದು. ನಾನು ಹಿಗ್ಗಿಹೋಗಿ, ಅವಳ ಮನೆಗೆ ಎರಡು ಸಲ ಹೋಗಿ, ಬೆಳಕು ನೋಡಿ, ಆಕಾಶದಂಥ ತಿಳಿ ಆಸ್ಮಾನಿ ಎಂದು ಹೇಳಿ ಬಂದೆ. ಅವಳು ನೇರ ವೈನಿ ಹತ್ತಿರ ಹೋಗಿ ಆಸ್ಮಾನಿ ಆಗುತ್ತದೆಯೇ ಎಂದು ಕೇಳಿದ್ದಾಳೆ. ವೈನಿ "ನಡೀತದ" ಎಂದಿದ್ದಾರೆ. ಮರುದಿನ ಅವಳ ಮನೆಗೆ ಬದಾಮಿ ಬಣ್ಣ ಬಿತ್ತು.

ಇಷ್ಟಾದರೂ ವೈನಿ ತಮ್ಮ ಮನೆಯ ಒಳಗಿನ ಖೋಲಿಯನ್ನು ಯಾರಿಗೂ ತೋರಿಸಿದವರಲ್ಲ. ಹೋದವರಿಗೆ ಹಾಲ್‌ನಲ್ಲೇ ಕೂಡಿಸಿ ಚಹಾ. ಹಾಲ್‌ಗೆ ಊರಲ್ಲೆಲ್ಲ ಇರುವಂಥ ಬದಾಮಿ. ಒಳಗೆ ಇಣುಕಲು ಹೋದರೆ, "ಖೋಲಿ ಹರವಿ ಬಿದ್ದದ, ಬ್ಯಾಡ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಳಗೆ ಯಾವ ಅರಮನೆ ಮಾಡಿಕೊಂಡಿದ್ದಾರೋ ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು.

ಈಗ ನನ್ನ ಕಥೆ. ನಾನು ಹುಟ್ಟಿದ ಮನೆಗೆ ಪ್ರತಿ ವರ್ಷ ನೀಲಿ ಬೆರೆಸಿದ ಸುಣ್ಣ. ಮದುವೆಯಾಗಿ ಬಂದದ್ದು ಇದೇ ಓಣಿಯ ತುದಿಯ ಬಾಡಿಗೆ ಮನೆಗೆ. ಅಲ್ಲಿ ಮಾಲಕರು ಹಚ್ಚಿಸಿದ್ದೇ ಬಣ್ಣ. ಬಣ್ಣ ಕಲಿತವಳು ನಾನು, ಒಂದು ಗೋಡೆಯನ್ನೂ ನನ್ನ ಮನಸ್ಸಿನಂತೆ ಮಾಡಿಕೊಂಡಿರಲಿಲ್ಲ. ವೈನಿಯ ಎದುರಿನ ಹಳೆಯ ಮನೆ ಮಾರಾಟಕ್ಕೆ ಬಂದು, ನಮ್ಮ ಮನೆಯವರು ಅದನ್ನು ಕೊಂಡು ಹೊಸದಾಗಿ ಕಟ್ಟಿಸಿದಾಗ ನಾನು ಒಂದೇ ಒಂದನ್ನು ಬೇಡಿಕೊಂಡೆ. ಹಾಲ್‌ನ ದೊಡ್ಡ ಗೋಡೆ ನಾನೇ ಆರಿಸಿದ ಬಣ್ಣದಲ್ಲಿರಬೇಕು, ಅದನ್ನು ನೋಡಿದವರು ಇದು ಇವಳು ಆರಿಸಿದ್ದು ಎನ್ನಬೇಕು. ಬೇರೇನೂ ಬೇಕಿರಲಿಲ್ಲ.

ನಮ್ಮ ಮನೆಯವರು ತಹಸೀಲ ಕಚೇರಿಯಲ್ಲಿ ನೌಕರರು, ಮಾತು ಕಮ್ಮಿ. "ವೈನಿಗಿ ಒಂದ ಮಾತ ಕೇಳಿಬಿಡು" ಎಂದರು. ಆ ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ.

ವೈನಿ ಕರೆ ಬರುತ್ತದೆಂದು ಕಾಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತ, "ಪ್ಲಾಸ್ಟರ್ ಒಣಗ್ತೇನವಾ?" ಎಂದು ಕೇಳುವರು. "ಒಣಗಾಕತ್ತದ್ರಿ" ಎನ್ನುವೆ. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಆ ಬೇಸಿಗೆಯಲ್ಲಿ ನಮ್ಮ ಪ್ಲಾಸ್ಟರ್ ಒಣಗಿದಷ್ಟು ನಿಧಾನ ಬಸವಕಲ್ಯಾಣದಲ್ಲಿ ಯಾವ ಪ್ಲಾಸ್ಟರೂ ಒಣಗಿರಲಿಕ್ಕಿಲ್ಲ. ನಾನು ಬನ್ನಿ ಎನ್ನಲಿಲ್ಲ, ಅವರು ಬರಲೇ ಎನ್ನಲಿಲ್ಲ.

ಒಂದು ಮಧ್ಯಾಹ್ನ ನನ್ನ ಟ್ರಂಕನ್ನು ಹೊಸ ಮನೆಗೆ ತಂದು, ಬಾಗಿಲು ಹಾಕಿಕೊಂಡು ತೆಗೆದೆ. ಅವರ ದಾರಿಯನ್ನೇ ಹಿಡಿದೆ, ನಿಜ. ಇಷ್ಟು ವರ್ಷ ಅದನ್ನೇ ನೋಡಿದ ಮೇಲೆ ಬೇರೆ ದಾರಿ ನನಗೂ ತೋಚಲಿಲ್ಲ. ಪೀಸುಗಳನ್ನು ಒಂದೊಂದಾಗಿ ಗೋಡೆಗೆ ಹಿಡಿದೆ. ಗಿಳಿಹಸಿರು, ಬದನೆ, ಮೋತಿಯಾ, ಮೆಹಂದಿ. ಯಾವುದೂ ಮನಸ್ಸಿಗೆ ಬರಲಿಲ್ಲ. ತಳದಲ್ಲಿ ಒಂದು ಸಿಕ್ಕಿತು. ಕೆಂಪೂ ಅಲ್ಲ, ಕೇಸರಿಯೂ ಅಲ್ಲ. ಯಾವ ಸೀರೆಗೂ ಹೊಂದುವಂಥದ್ದಲ್ಲ, ಅದಕ್ಕೇ ಯಾರ ಉಡಿಗೂ ದಾಟದೆ ತಳದಲ್ಲೇ ಉಳಿದಿತ್ತು. ಗೋಡೆಗೆ ಹಿಡಿದ ಕೂಡಲೇ ಅದು ಯಾವ ಬಣ್ಣವೆಂದು ಗೊತ್ತಾಯಿತು. ತವರೂರು ಹುಡಗಿಯಲ್ಲಿ ನಮ್ಮ ಹೊಲದ ಕುಸುಬಿ ಹೂವಿನ ಬಣ್ಣ. ಮುಳ್ಳು ಚುಚ್ಚದಂತೆ ಅವ್ವ ಕೈಗೆ ಅರಿವೆ ಸುತ್ತಿಕೊಂಡು ಹೂವಿನ ಎಸಳು ಕೀಳುತ್ತಿದ್ದಳು. ಮೊರದಲ್ಲಿ ಹರವಿ ನೆರಳಿಗಿಟ್ಟ ಎಸಳು ಒಣಗುತ್ತ ಬಂದಾಗ ಇದೇ ಬಣ್ಣಕ್ಕೆ ತಿರುಗುತ್ತಿತ್ತು. ಟಾಚಣಿ ಚುಚ್ಚಿ ಎದುರಿಗೆ ಕೂತೆ. ಚಹಾ ಮಾಡಲು ಅಲ್ಲಿ ಒಲೆಯಿರಲಿಲ್ಲ. ಇದ್ದಿದ್ದರೂ ಮಾಡಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಬಣ್ಣ ಕಲಿಸಲು ಊರಿನ ಅಂಗಡಿಗೆ ಹೋಗಲಿಲ್ಲ. ಇಲ್ಲಿ ಹೋದರೆ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಸುದ್ದಿ ವೈನಿಯ ಕಟ್ಟೆ ಮುಟ್ಟುತ್ತದೆ. ಹುಮನಾಬಾದ್ ಬಸ್ ಹತ್ತಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಪೀಸನ್ನು ತಿರುವಿ ಮುರುವಿ ನೋಡಿ, "ಬಾಯಿಯವರ, ಹಾಲ್‌ಗಿ ಇಷ್ಟ ಗಾಢ ಯಾರೂ ಹಚ್ಚಂಗಿಲ್ರಿ" ಎಂದ. "ನಾ ಹಚ್ಚತೀನಿ, ನೀ ಕಲಿಸು" ಎಂದೆ. ಬರುವಾಗ ಡಬ್ಬಿಗಳನ್ನು ಸೀಟಿನ ಕೆಳಗಿಟ್ಟು ಚೀಲ ಮುಚ್ಚಿದ್ದೆ. ಪೇಂಟರು ಬಾಗಿಲು ಹಾಕಿಕೊಂಡೇ ಹಚ್ಚಿದರು.

ವಾಸ್ತು ದಿನ ಬಂತು. ಪೂಜೆ ಮುಗಿದು ಹೆಂಗಸರು ಹಾಲ್‌ಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅದೇ ಕೆಟ್ಟ ಸೂಚನೆ. ಆಮೇಲೆ ನನ್ನ ನಾದಿನಿ ಬಾಯಿ ಬಿಟ್ಟಳು. ಹುಮನಾಬಾದಿಗೆ ಕೊಟ್ಟ ಹೆಣ್ಣುಮಗಳು, ನಮ್ಮ ಮನೆಯವರ ಒಡಹುಟ್ಟಿದವಳು, ಅವಳ ಮಾತಿಗೆ ಅಂಜದವರಿಲ್ಲ.

"ಇದೇನವಾ, ಖಾರಾ ಕುಟ್ಟೋ ಗಿರಣಿ ಆಗ್ಯಾದಲ್ಲ ಮನಿ," ಎಂದಳು.

ಸುತ್ತ ಇದ್ದವರು ಸೆರಗು ಬಾಯಿಗಿಟ್ಟುಕೊಂಡರು. "ಕಣ್ಣಿಗಿ ಹೊಡಿಯಾಕತ್ತದ" ಎಂದು ಒಬ್ಬಳು. "ಮ್ಯಾಲ ಬದಾಮಿ ಹೊಡದ್ರ ಮುಚ್ಚತದೇನೋ" ಎಂದು ಇನ್ನೊಬ್ಬಳು. "ವೈನಿಗಿ ಕೇಳಿದ್ದಿಲ್ಲೇನು?" ಎಂದು ಮತ್ತೊಬ್ಬಳು. ನಾನು ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ.

ಆಗ ವೈನಿ ಬಂದರು. ಬಾಗಿಲಲ್ಲಿ ನಿಂತು ಗೋಡೆಯನ್ನೊಮ್ಮೆ ನೋಡಿದರು. ಯಾರಿಗೂ ನಮಸ್ಕಾರ ಇಲ್ಲ, ನನ್ನ ಕಡೆ ತಿರುಗಿದ್ದೂ ಇಲ್ಲ. ನೇರ ಹೋಗಿ ಹೆಂಗಸರಿಗೆಲ್ಲ ಬೆನ್ನು ಮಾಡಿ ನೆಲದ ಮೇಲೆ ಕೂತು, "ಒಂದ ಚಾ ತರ್ರಿ" ಎಂದರು. ಚಹಾ ಬಂತು. ಬಸಿಗೆ ಸುರಿದುಕೊಂಡು ಅವರು ಅದನ್ನು ಮುಗಿಸುವ ತನಕ ಆ ತುಂಬಿದ ಹಾಲ್‌ನಲ್ಲಿ ಬಸಿ ಹೀರುವ ಸಪ್ಪಳ ಒಂದೇ. ಲೊಚಗುಟ್ಟಿಬಿಟ್ಟರೆ ಈ ಮನೆಯಲ್ಲಿ ನಾನು ತಲೆಯೆತ್ತುವ ಹಾಗಿಲ್ಲ.

ಬಸಿ ಕೆಳಗಿಟ್ಟು, "ಇನ್ನೊಂದ ಚಾ ತರ್ರಿ" ಎಂದರು. ಯಾವ ಮನೆಯಲ್ಲೂ ಅವರು ಎರಡನೆಯದು ಕೇಳಿದ್ದು ನಾನು ನೋಡಿರಲಿಲ್ಲ. ಅದನ್ನೂ ಕುಡಿದು, ಕನ್ನಡಕ ಸೆರಗಿನಿಂದ ಒರೆಸಿ, ತಿರುಗಿ ಕೂತರು.

"ಈ ರಂಗು ನಾ ಕೊಟ್ಟದ್ದು," ಎಂದರು.

ನಾದಿನಿ ಗೋಡೆಯ ಕಡೆ ತಿರುಗಿ, ತಲೆ ವಾಲಿಸಿ, "ಅದಕ್ಕ ಅಂತೀನಿ. ನೋಡಕೋತ ಕುಂತ್ರ ಮಸ್ತ್ ಕಾಣಾಕತ್ತದ ನೋಡು" ಎಂದಳು. ಕಣ್ಣಿಗೆ ಹೊಡೆಯುತ್ತದೆ ಎಂದವಳು, ದೇವರ ಮನೆಯ ದೀಪ ಹಚ್ಚಿದಂತಿದೆ ಎಂದಳು. ಬದಾಮಿ ಹೊಡೆಯಿರಿ ಎಂದವಳು ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡಳು. ನನ್ನ ಮರ್ಯಾದೆ ಉಳಿಯಿತು. ನನ್ನ ಗೋಡೆ ಹೋಯಿತು.

ಸಂಜೆ ಊಟದ ಎಲೆ ತೆಗೆಯುವಾಗ ವೈನಿಯನ್ನು ಒಂದು ಕಡೆ ಹಿಡಿದೆ. "ವೈನಿ, ಈ ರಂಗು ನೀವು ಯಾವಾಗ ಕೊಟ್ರಿ?" ಎಂದೆ.

"ನಿನ್ನ ಮಗಳ ತೊಟ್ಟಿಲದಾಗ ಉಡಿ ತುಂಬಿದ್ದೆ ಅಲ್ಲೇನವಾ? ಆ ಪೀಸ್ ನಂದು. ಮೂಲ್ಯಾಗ ಒಂದ ಎಣ್ಣಿ ಕಲಿ ಇತ್ತು, ನೋಡಕೋ."

ಟ್ರಂಕು ತೆಗೆದು ನೋಡಬೇಕಾಗಿರಲಿಲ್ಲ. ಮೂಲೆಯಲ್ಲಿ ಎಣ್ಣೆಯ ಕಲೆ ಇದ್ದದ್ದು ನನಗೂ ನೆನಪಿತ್ತು. ಊರಿನ ಹೆಂಗಸರು ಯಾರೂ ನೆನಪಿಟ್ಟುಕೊಳ್ಳದ ಸಂಗತಿಯನ್ನು ಈ ಹೆಂಗಸು ಮಾತ್ರ ನೆನಪಿಟ್ಟುಕೊಂಡಿದ್ದರು.

"ಪೀಸ್ ನೀವು ಕೊಟ್ರಿ, ಖರೆ. ಗೋಡಿಗಿ ಹಿಡದದ್ದು ನಾನು," ಎಂದೆ.

"ಹೌದು. ಅದೂ ಖರೇನ," ಎಂದರು. ಎಂದು, ಸೆರಗು ಸರಿಮಾಡಿಕೊಂಡು, ಓಣಿ ದಾಟಿ ತಮ್ಮ ಮನೆಗೆ ಹೋದರು. ನನ್ನೊಬ್ಬಳ ಮುಂದೆ ಒಪ್ಪಿಕೊಂಡರೆ ನನಗೇನು ಬಂತು? ಹಾಲ್ ತುಂಬ ಹೆಂಗಸರಿದ್ದಾಗ ಆ ಮಾತು ಎಲ್ಲಿ ಹೋಗಿತ್ತು?

ಅವರು ನನ್ನ ಮಾನ ಕಾದರೋ, ನನ್ನ ಬಣ್ಣ ಕಸಿದರೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ನಾದಿನಿಗೆ ಒಮ್ಮೆ ಬಿಡಿಸಿ ಹೇಳಲು ಹೋದೆ. "ಆತು ಬಿಡು, ವೈನಿ ಪೀಸ್ ಇಲ್ಲದ ನೀ ಏನ ಆರಸತಿದ್ದಿ" ಎಂದು ಬಾಯಿ ಮುಚ್ಚಿಸಿದಳು. ನಮ್ಮ ಮನೆಯವರಿಗೆ ಹೇಳಿದರೆ, "ಗೋಡಿ ಮ್ಯಾಲ ಹೆಸರು ಬರಸಬೇಕೇನು?" ಎಂದು ಟಿವಿಯ ಕಡೆ ತಿರುಗಿದರು. ಬರೆಸಿದ್ದರೆ ಚೆನ್ನಾಗಿತ್ತು ಎಂದು ನನಗೆ ನಿಜವಾಗಿ ಅನ್ನಿಸಿತು.

ಆ ವರ್ಷ ದಸರೆಗೆ ಓಣಿಯಲ್ಲಿ ಒಬ್ಬರ ಹಾಲ್‌ಗೆ ಅದೇ ಬಣ್ಣ ಬಂತು. ಯುಗಾದಿಗೆ ಇನ್ನೊಬ್ಬರಿಗೆ. ಆಮೇಲೆ ಬಜಾರಿನ ಕಡೆಗೂ ಹೋಯಿತು. ವೈನಿಯನ್ನು ಕೇಳಿದರೆ ಅವರು ಹಚ್ಚಿರಿ ಎನ್ನುತ್ತಿರಲಿಲ್ಲ, ಬೇಡವೆಂದೂ ಅನ್ನುತ್ತಿರಲಿಲ್ಲ. "ನಡೀತದ" ಎನ್ನುತ್ತಿದ್ದರು. ಆದರೆ ಈ ಒಂದು ಬಣ್ಣದ ವಿಷಯದಲ್ಲಿ ಮಂದಿ ಅವರ ನಡೀತದಕ್ಕೂ ನಿಲ್ಲಲಿಲ್ಲ. ನಮ್ಮ ಅಡುಗೆಮನೆಗೆ ಬೇರೆ ಡಬ್ಬಿ ತರಲು ಹುಮನಾಬಾದಿನ ಅದೇ ಅಂಗಡಿಗೆ ಹೋದಾಗ, ಕಟ್ಟೆಯ ಮೇಲೆ ಅದೇ ಬಣ್ಣದ ಡಬ್ಬಿಗಳು ಸಾಲಾಗಿದ್ದವು. ಇದೇನೆಂದು ಕೇಳಿದೆ. ಅಂಗಡಿಯವನು ನನ್ನ ಗುರುತು ಹಿಡಿಯದೆ, "ಇದು ವೈನಿ ರಂಗು ಅಂತ್ರಿ ಬಾಯಿಯವರ. ಕಲ್ಯಾಣದಾಗ ಒಬ್ಬ ವೈನಿ ಹುಡುಕ್ಯಾರಂತ. ಚಿಟಗುಪ್ಪದ ತನಕ ಹೋಗಾಕತ್ತದ" ಎಂದ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅತ್ತದ್ದು ಸಿಟ್ಟಿಗೆ.

ಅದೇ ಸುಮಾರಿಗೆ ಒಂದು ದಿನ ಎದುರು ಮನೆಗೆ ಏಣಿ ಬಂತು. ಪೇಂಟರ್ ನಮ್ಮ ಊರಿನವನಲ್ಲ, ಹುಮನಾಬಾದಿನಿಂದ ಬಂದ ಅವರ ತವರಿನ ಕಡೆಯವನು. "ಏನ ವೈನಿ, ರಂಗು ಹಚ್ಚಾಕತ್ತೀರೇನು?" ಎಂದು ಕೇಳಿದೆ. "ಏನಿಲ್ಲವಾ, ಒಳಗಿನ ಖೋಲಿಗಿ ಬರೇ ಸುಣ್ಣ" ಎಂದರು. ಸುಣ್ಣಕ್ಕೆ ಹುಮನಾಬಾದಿನಿಂದ ಆಳು ಯಾಕೆ ಎಂದು ಅಂದುಕೊಂಡೆ. ಅವರ ವಿಷಯದಲ್ಲಿ ನನಗೆ ಬೇಕಾದಷ್ಟು ತಲೆನೋವಿತ್ತು, ಅದನ್ನು ಅಲ್ಲಿಗೇ ಬಿಟ್ಟೆ.

ಇಷ್ಟೆಲ್ಲ ಹೇಳಿದೆ, ಆದರೆ ನಾವು ಮಾತು ಬಿಟ್ಟವರಲ್ಲ. ಹೋಳಿಗೆ ಮಾಡಿದಾಗ ತಟ್ಟೆ ಹೋಗುತ್ತಿತ್ತು, ತಟ್ಟೆ ಬರುತ್ತಿತ್ತು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದು, ಹಾಲ್‌ನಲ್ಲಿ ಆ ಗೋಡೆಯ ಎದುರಿಗೇ ಕೂತು ಕುಡಿಸಿದವರು ಅವರು. ಕುಡಿಸುವಾಗಲೂ ಅವರ ಕಣ್ಣು ಗೋಡೆಯ ಮೇಲೆಯೇ ಇತ್ತು. ನನ್ನ ಮನೆಗೆ ಬಂದು ತಮ್ಮ ಸ್ವತ್ತು ನೋಡಿಕೊಂಡು ಹೋಗುತ್ತಾರೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಶ್ರಾವಣದ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತ ಕೂತವರು ಹಾಗೆಯೇ ಒರಗಿದರು. ಮೊದಲು ಓಡಿಹೋದವಳು ನಾನು. ಅವರ ಮೊರ ಎತ್ತಿಟ್ಟವಳೂ ನಾನು. ಅತ್ತುಬಿಟ್ಟೆ. ಈ ಸಲ ಸಿಟ್ಟಿಗಲ್ಲ.

ಹೋದ ವಾರ ಅವರ ಸೊಸೆ ಓಣಿ ದಾಟಿ ಬಂದಳು. ಚಿಟಗುಪ್ಪದ ಹುಡುಗಿ, ಕಡಿಮೆ ಮಾತಿನವಳು, ನನ್ನನ್ನು ಚಿಕ್ಕಮ್ಮನ ಹಾಗೆ ಕಾಕು ಎಂದು ಕರೆಯುತ್ತಾಳೆ.

"ಕಾಕು, ಮನಿಗಿ ರಂಗು ಹಚ್ಚಬೇಕಾಗ್ಯಾದ. ಜರಾ ಬಂದು ಹೇಳತೀರೇನ್ರಿ?"

"ನನ್ನ ಯಾಕ ಕೇಳತೀಯವಾ?" ಎಂದೆ. ಒಳಗೊಳಗೆ ಕಾಲು ಆಗಲೇ ಚಪ್ಪಲಿ ಹುಡುಕುತ್ತಿದ್ದವು.

"ಅತ್ತಿ ಹೇಳಿದ್ರು. ನಾ ಹೋದ ಮ್ಯಾಲ ರಂಗಿನ ಮಾತು ಬಂದ್ರ ಎದರ ಮನಿಯಾಕಿಗಿ ಕೇಳು ಅಂತ."

ಹಾಲ್ ನೋಡಿದೆ, ಅಡುಗೆಮನೆ ನೋಡಿದೆ. ಆಮೇಲೆ ಅವಳು ಸೊಂಟದ ಕೀಲಿಗೊಂಚಲು ತೆಗೆದು ಒಳಗಿನ ಖೋಲಿಯ ಬಾಗಿಲು ತೆರೆದಳು. ಇಷ್ಟು ವರ್ಷ ನಾನು ದಾಟದ ಹೊಸ್ತಿಲು. ಒಂದು ಮಂಚ, ಒಂದು ಟ್ರಂಕು, ಮೊಳೆಗೆ ಅವರ ಮಾಸಲು ಸೀರೆ. ಮಂಚದ ಎದುರಿನ ಗೋಡೆ ತುಂಬ ಕುಸುಬಿಯ ಎಸಳು ಒಣಗುತ್ತ ಬಂದ ಬಣ್ಣ.

ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಿಟ್ಟೆ. ಸೊಸೆಯೇ ಹೇಳಿದಳು.

"ಹೊರಗ ಹೇಳಬ್ಯಾಡ ಅಂದಿದ್ರು. ಈಗ ಹೇಳಿದ್ರ ನಡೀತದ ಅನಸ್ತು. ಇದು ಅತ್ತಿ ಆರಿಸಿದ್ದಲ್ರಿ ಕಾಕು. 'ಇದು ಎದರ ಮನಿಯಾಕಿ ಆರಿಸಿದ್ದು' ಅಂತಿದ್ರು. 'ಆ ಪೀಸ್ ನನ್ನ ಟ್ರಂಕಿನ್ಯಾಗ ಎಷ್ಟೋ ವರ್ಷ ಬಿದ್ದಿತ್ತು. ಸಾವಿರ ಸಲ ಕೈಯಾಗ ಹಿಡದೀನಿ, ನನಗ ಕಾಣಲಿಲ್ಲ. ಕಲಿ ಬಿದ್ದದ, ಹೋಗ್ಲಿ ಅಂತ ಆಕಿ ಉಡ್ಯಾಗ ಹಾಕಿಬಿಟ್ಟೆ. ಆಕಿಗಿ ಕಾಣ್ತು. ಊರ ಮಂದಿ ನನ್ನ ಕೇಳತಾರ. ನನಗ ಆಕಿ ಮನಿ ಬಾಗಿಲ ತೆರದಾಗೊಮ್ಮೆ ಹೊಟ್ಟಿ ಉರೀತದ' ಅಂತಿದ್ರು."

ಎದುರು ಬದುರು ಎರಡು ಬಾಗಿಲು. ಇತ್ತ ನಾನು ಉರಿಯುತ್ತಿದ್ದೆ, ಅತ್ತ ಅವರು. ನಡುವಿನ ಓಣಿಯಲ್ಲಿ ಇದೇನೂ ಗೊತ್ತಿಲ್ಲದ ಮಂದಿ ಬಣ್ಣ ಕೇಳಿಕೊಂಡು ಓಡಾಡುತ್ತಿದ್ದರು. ಗಂಜಿ ಕುಡಿಸುವಾಗ ಅವರು ಗೋಡೆ ನೋಡುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನನಗೆ ಖುಷಿಯಾಯಿತು, ಹೇಳಲಾರದಷ್ಟು.

"ಇದರ ಮ್ಯಾಲ ಏನ ಹಚ್ಚೋಣ್ರಿ?" ಎಂದಳು ಸೊಸೆ.

"ಏನೂ ಬ್ಯಾಡ, ಇದು ಹಿಂಗೇ ಇರಲಿ. ನೀ ಒಂದ ಚಾ ತಾ," ಎಂದೆ.

ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತೆ. ನನ್ನ ಹಾಲ್‌ನ ಕಿಟಕಿ ಬಡಗಣಕ್ಕಿದೆ, ಅಲ್ಲಿಗೆ ನೇರ ಬಿಸಿಲು ಬೀಳುವುದಿಲ್ಲ. ಈ ಖೋಲಿಯ ಕಿಟಕಿ ಪಡುವಣಕ್ಕೆ. ಸಂಜೆಯ ಬಿಸಿಲು ಒಳಗೆ ಬಂದು, ಗೋಡೆಯ ಮೇಲೆ ನಿಧಾನ ಸರಿಯುತ್ತ ಹೋಯಿತು. ನನ್ನ ಮನೆಯಲ್ಲಿ ಆ ಬಣ್ಣ ಹೀಗೆ ಕಂಡದ್ದೇ ಇಲ್ಲ. ಆರಿಸಿದವಳು ನಾನು, ಆದರೆ ಅದಕ್ಕೆ ತಕ್ಕ ಗೋಡೆ ಅವರಿಗೇ ಸಿಕ್ಕಿತ್ತು. ಆಗಿನ ಖುಷಿಯ ಪಕ್ಕದಲ್ಲೇ ಹಳೆಯ ಹೊಟ್ಟೆಯುರಿ ಬಂದು ಕೂತುಕೊಂಡಿತು. ವೈನಿ ಇದ್ದಿದ್ದರೆ ಅದು ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ಸಂತೋಷಪಡುತ್ತಿದ್ದರು.

ಚಹಾ ಮುಗಿಯಿತು. ಬಸಿ ಕೆಳಗಿಟ್ಟು, ತಿರುಗದೆಯೇ, "ಇನ್ನೊಂದ ಚಾ ತಾರವಾ" ಎಂದೆ.